ಕಾರಿಗೆ ಜ್ವರ ಬರಿಸಲು ಕಾರ್ಕಳ ಸುತ್ತಿ ಬಂದದ್ದು

ಮೇ ತಿಂಗಳ ಒಂದು ಶುಕ್ರವಾರ ಹಗಲು ಹನ್ನೊಂದೂಮುಕ್ಕಾಲು ಗಂಟೆಗೆ ಕಾಪುವಿನ ನನ್ನ ಮನೆಯಿಂದ ಕಾರು ಹೊರಡಿಸಿದೆ. ಹೋಗಬೇಕಾದದ್ದು ಉಡುಪಿಯ ಹೆದ್ದಾರಿ ಬದಿಯ ಸರ್ವಿಸ್ ಸೆಂಟರಿಗೆ. ನೇರ ಹೋದರೆ ಇಪ್ಪತ್ತೈದು ನಿಮಿಷದ ದಾರಿ. ನಾನು ನೇರ ಹೋಗಲಿಲ್ಲ. ಶಂಕರಪುರ, ಶಿರ್ವ, ಬೆಳ್ಮಣ್ ದಾಟಿ ಕಾರ್ಕಳಕ್ಕೆ, ಅಲ್ಲಿಂದ ಹಿರಿಯಡ್ಕ, ಪರ್ಕಳದ ಮೇಲೆ ಮಣಿಪಾಲಕ್ಕೆ, ಮತ್ತೆ ಉಡುಪಿಗೆ ಇಳಿದು, ಸುಮಾರು ಎಂಬತ್ತು ಕಿಲೋಮೀಟರ್ ಸುತ್ತಿ ಹೋದೆ. ಅಂದು ಕಾರಿನ ವಾರಂಟಿಯ ಕೊನೆಯ ದಿನ. ಸರ್ವಿಸ್ ಸೆಂಟರ್ ಸಂಜೆ ಐದೂವರೆಗೆ ಮುಚ್ಚುತ್ತದೆ.

ಇಂಥ ದಿನ ಇಂಥ ಸುತ್ತು ಯಾಕೆ ಎಂಬುದನ್ನು ಮೊದಲು ಹೇಳಬೇಕು. ನಾನು ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಊರಿನವರೆಲ್ಲ ಈಗಲೂ ಸಿಸ್ಟರ್ ಎಂದೇ ಕರೆಯುತ್ತಾರೆ. ಪಕ್ಕದ ಮನೆಯ ಸುಂದರಣ್ಣನಿಗೆ ಸೋಮವಾರ ಮತ್ತು ಗುರುವಾರ ಮಣಿಪಾಲದಲ್ಲಿ ಡಯಾಲಿಸಿಸ್. ಅವರನ್ನೂ ಅವರ ಹೆಂಡತಿ ಸರೋಜಕ್ಕನನ್ನೂ ನಾನೇ ನನ್ನ ಕಾರಿನಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದೆ. ಫೆಬ್ರವರಿಯಿಂದ ಆ ಕಾರು ಕೈಕೊಡತೊಡಗಿತು. ಓಡುವಾಗ ಒಂದು ತೊಂದರೆಯೂ ಇಲ್ಲ. ಆದರೆ ಕೆಲವೊಮ್ಮೆ, ಎಲ್ಲಾದರೂ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ, ಎಂಜಿನ್ ಗಿರಗಿರ ಸುತ್ತುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಒಂದು ಗಂಟೆ ಹಾಗೆಯೇ ಬಿಟ್ಟರೆ ತಾನಾಗಿ ಸರಿಹೋಗುತ್ತದೆ.

ಮಾರ್ಚಿನಲ್ಲಿ ಡಯಾಲಿಸಿಸ್ ಮುಗಿಸಿ ಬರುವಾಗ ಕಟಪಾಡಿಯ ಔಷಧಿ ಅಂಗಡಿಯ ಎದುರು ಹೀಗೇ ಆಯಿತು. ಸುಂದರಣ್ಣ ಬಿಸಿಲಿನಲ್ಲಿ ಒಂದು ಗಂಟೆ ಕುಳಿತರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮರುವಾರ ಅವರು ನನ್ನ ಗೇಟಿನವರೆಗೆ ಬಂದು, "ಬೇಸರ ಮಾಡಬೇಡಿ ಸಿಸ್ಟರ್, ಇನ್ನು ನಾನು ಬಸ್ಸಿನಲ್ಲಿ ಹೋಗ್ತೇನೆ. ಬಸ್ಸು ಹಳೆಯದಾದರೂ ಹೊರಡ್ತದೆ" ಎಂದರು. ಅಂದಿನಿಂದ ವಾರಕ್ಕೆರಡು ಸಲ ಸರೋಜಕ್ಕ ಅವರನ್ನು ಬಸ್ಸಿಗೆ ಹತ್ತಿಸಿ ಇಳಿಸುವುದನ್ನು ನಾನು ಜಗಲಿಯಿಂದ ನೋಡುತ್ತಿದ್ದೆ.

ನಾಲ್ಕು ಸಲ ಕಾರನ್ನು ಸರ್ವಿಸ್ ಸೆಂಟರಿಗೆ ಒಯ್ದೆ. ನಾಲ್ಕು ಸಲವೂ ಬೆಳಿಗ್ಗೆ ಎಂಟೂವರೆಗೆ, ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ಮೊದಲನೆಯವಳು. ನಾಲ್ಕು ಸಲವೂ ಕಾರು ಮುಟ್ಟಿದ ಕೂಡಲೇ ಸ್ಟಾರ್ಟ್ ಆಯಿತು. ಅಲ್ಲಿನ ಅಡ್ವೈಸರ್ ಪ್ರಶಾಂತ್ ಒಳ್ಳೆಯ ಯುವಕ. ಪ್ರತಿ ಸಲವೂ 'ದೋಷ ಕಂಡುಬಂದಿಲ್ಲ' ಎಂದು ಬರೆದುಕೊಟ್ಟ. "ಕಾಣದ ದೋಷಕ್ಕೆ ಕಂಪೆನಿ ಪಾರ್ಟ್ ಕೊಡುವುದಿಲ್ಲ ಸಿಸ್ಟರ್. ವಾರಂಟಿ ಮುಗಿದ ಮೇಲೆ ಬೇಕಾದರೆ ಅಂದಾಜಿನಲ್ಲಿ ಒಂದೊಂದೇ ಬದಲಿಸಿ ನೋಡುವಾ. ಆದರೆ ಖರ್ಚು ನಿಮ್ಮದೇ ಆಗ್ತದೆ."

ಗುರುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಕಾರಿನ ನೋಟುಪುಸ್ತಕ ತೆಗೆದೆ. ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ, ಎಷ್ಟು ಹೊತ್ತು ನಿಂತದ್ದು, ಎಲ್ಲವೂ ಅದರಲ್ಲಿ ಉಂಟು. ಕಾರು ಹಟ ಹಿಡಿದ ಹನ್ನೊಂದು ಸಲಗಳನ್ನು ಬೇರೆ ಹಾಳೆಯಲ್ಲಿ, ವಾರ್ಡಿನಲ್ಲಿ ಜ್ವರದ ಚಾರ್ಟ್ ಬರೆಯುತ್ತಿದ್ದ ಹಾಗೆ, ಗಂಟೆಯ ಲೆಕ್ಕದಲ್ಲಿ ಗುರುತು ಹಾಕಿದೆ. ಹನ್ನೊಂದೂ ಮಧ್ಯಾಹ್ನದ ನಂತರ. ಹನ್ನೊಂದೂ ಅರ್ಧ ಗಂಟೆಗಿಂತ ಹೆಚ್ಚು ಓಡಿಸಿ, ಸುಮಾರು ಅಷ್ಟೇ ಹೊತ್ತು ನಿಲ್ಲಿಸಿದ ಮೇಲೆ. ಬೆಳಿಗ್ಗೆ ಒಂದೂ ಇಲ್ಲ.

ಹಾಳೆ ನೋಡುತ್ತ ನನಗೆ ಮಲೇರಿಯಾ ನೆನಪಾಯಿತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ರೋಗಿಗೆ ನಡುಕ ಬಂದ ಹೊತ್ತಿಗೇ ರಕ್ತ ತೆಗೆಯಬೇಕೆಂದು ನಮಗೆ ಕಲಿಸಿದ್ದರು. ಜ್ವರ ಇಳಿದ ಮೇಲೆ ತೆಗೆದರೆ ಏನೂ ಕಾಣದೆ ಹೋಗಬಹುದು. ನಾನು ಮಾಡಿದ್ದೇನು? ಜ್ವರವಿಲ್ಲದ ರೋಗಿಯನ್ನು ನಾಲ್ಕು ಸಲ ಮುಂಜಾನೆ ಎಬ್ಬಿಸಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ್ದೆ. ನಾನು ಹೊತ್ತಿಗೆ ಸರಿಯಾಗಿ ಹೋದದ್ದೇ ತಪ್ಪಾಗಿತ್ತು.

ಕೂಡಲೇ ಪ್ರಶಾಂತನಿಗೆ ಫೋನ್ ಮಾಡಿ ನಾಳೆ ಬರುತ್ತೇನೆ ಎಂದೆ.

"ಎಂಟೂವರೆಗೆ ಅಲ್ವಾ ಸಿಸ್ಟರ್?"

"ಅಲ್ಲ. ಎರಡು ಗಂಟೆಗೆ."

"ನಿಮಗೆ ಹುಷಾರು ಉಂಟಲ್ಲ?" ಎಂದು ಕೇಳಿದ.

ಹೀಗೆ ಕಾರನ್ನು ಚೆನ್ನಾಗಿ ಕಾಯಿಸಿ, ಸರ್ವಿಸ್ ಸೆಂಟರಿನ ಅಂಗಳದಲ್ಲೇ ಅದಕ್ಕೆ ಜ್ವರ ಬರಿಸುವುದೆಂದು ತೀರ್ಮಾನಿಸಿ ಹೊರಟದ್ದು. ದಾರಿಯಲ್ಲಿ ಎಲ್ಲಿಯೂ ಎಂಜಿನ್ ಬಂದ್ ಮಾಡುವಂತಿಲ್ಲ. ಮಾಡಿದರೆ ಜ್ವರ ದಾರಿಯಲ್ಲೇ ಬಂದೀತು, ಉಡುಪಿ ಮುಟ್ಟುವಾಗ ಇಳಿದೀತು. ಹಿಂದಿನ ಸಂಜೆಯೇ ಟ್ಯಾಂಕ್ ತುಂಬಿಸಿದ್ದೆ. ಬೆಳಿಗ್ಗೆಯಿಂದ ನೀರು ಅಳೆದು ಕುಡಿದಿದ್ದೆ.

ಸರೋಜಕ್ಕ ತಾನೂ ಬರುತ್ತೇನೆಂದು ಹೊರಟಳು. "ನಿಮ್ಮ ಕಾರು ನಿಂತರೆ ದೂಡಲಿಕ್ಕೆ ಒಬ್ಬರು ಬೇಡವಾ?" ಎಂದು ಹೇಳಿ ಮುಂದಿನ ಸೀಟಿನಲ್ಲಿ ಕುಳಿತಳು. ನಿಜವಾದ ಕಾರಣ ಬೇರೆ ಇತ್ತು. ಕಾರ್ಕಳದಲ್ಲಿರುವ ಅವಳ ತಂಗಿ ವಿಮಲಾಳ ಮಗಳಿಗೆ ಮರುದಿನ ಸೀಮಂತ, ಅದಕ್ಕೆ ಮಲ್ಲಿಗೆ ಮುಟ್ಟಿಸಬೇಕಿತ್ತು.

ಶಂಕರಪುರದಲ್ಲಿ ಹೂ ಕಟ್ಟುವ ಮನೆಯವರು ರಸ್ತೆ ಬದಿಯಲ್ಲೇ ಕಾದಿದ್ದರು. ಬಾಳೆಲೆಯಲ್ಲಿ ಸುತ್ತಿದ ಎರಡು ಅಟ್ಟೆ ಮಲ್ಲಿಗೆ, ಎಂದರೆ ಎಂಟು ಚೆಂಡು ಹೂವು, ಕಿಟಕಿಯಿಂದ ಒಳಗೆ ಬಂತು. ಎಂಜಿನ್ನಿಗೆ ಭಾರ ಬಿದ್ದು ಇನ್ನಷ್ಟು ಕಾಯಲೆಂದು ನಾನು ಎ.ಸಿ. ಜೋರಾಗಿ ಇಟ್ಟಿದ್ದೆ. ಕಾರಿನೊಳಗೆ ಪರಿಮಳ ತುಂಬಿತು. ಶಿರ್ವದ ಪೇಟೆಯಲ್ಲಿ ಒಂದು ಬಸ್ಸಿನ ಹಿಂದೆ ಐದು ನಿಮಿಷ ಹೋಯಿತು. ಬೆಳ್ಮಣ್ ದಾಟಿ ನಿಟ್ಟೆಯ ಕಡೆ ಹೋಗುವಾಗ ರಸ್ತೆಯ ಮೇಲೆ ಬಿಸಿಲು ನೀರಿನಂತೆ ನಡುಗುತ್ತಿತ್ತು. ಬೇರೆ ದಿನವಾದರೆ ಸೆಕೆ ಎಂದು ಗೊಣಗುತ್ತಿದ್ದೆ. ಅಂದು ಇನ್ನೂ ಸ್ವಲ್ಪ ಕಾಯಲಿ ಎಂದುಕೊಂಡೆ.

ಒಂದಕ್ಕೆ ಹತ್ತು ನಿಮಿಷವಿರುವಾಗ ಕಾರ್ಕಳ. ವಿಮಲಾ ಗೇಟಿನಲ್ಲಿ ನಿಂತಿದ್ದಳು. ಸರೋಜಕ್ಕ ಕಿಟಕಿ ಇಳಿಸಿ ಹೂವಿನ ಕಟ್ಟು ಹೊರಗೆ ಚಾಚಿದಳು. ವಿಮಲಾ ಕೈ ಮುಂದೆ ಮಾಡಲಿಲ್ಲ.

"ಇದೆಂತ ಮಾರಾಯ್ತಿ? ಮನೆ ಎದುರಿಗೆ ಬಂದು ಕಿಟಕಿಯಲ್ಲಿ ಹೂ ಕೊಡುವುದಾ? ಇಳಿ. ಊಟಕ್ಕೆ ಎಲೆ ಹಾಕಿ ಆಗಿದೆ."

"ಇಳಿಯಲಿಕ್ಕೆ ಆಗುವುದಿಲ್ಲ. ಕಾರು ಬಂದ್ ಮಾಡುವ ಹಾಗಿಲ್ಲ."

"ಬಂದ್ ಮಾಡಿದರೆ?"

"ಬಂದ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗದೆ ಇರಬಹುದು."

"ಮತ್ತೆ ಇಂಥ ಕಾರಿನಲ್ಲಿ ಎಂತಕ್ಕೆ ಬಂದದ್ದು?"

"ಸ್ಟಾರ್ಟ್ ಆಗಬಾರದು ಅಂತಲೇ ಬಂದದ್ದು!"

ವಿಮಲಾ ನನ್ನ ಮುಖ ನೋಡಿದಳು. ನಾನು ಹೌದು ಎಂದು ತಲೆಯಾಡಿಸಿದೆ. ಅವಳು ಹೂವು ತೆಗೆದುಕೊಂಡು ಸರ್ರನೆ ತಿರುಗಿ ಒಳಗೆ ಹೋದಳು. ಸಿಟ್ಟಾಯಿತೆಂದು ನಾನು ಗೇರ್ ಹಾಕುವಷ್ಟರಲ್ಲಿ ಎರಡು ಎಳನೀರು ಬೊಂಡ ಕೆತ್ತಿಕೊಂಡು ಓಡಿ ಬಂದು ಕಿಟಕಿಯಲ್ಲಿ ಹಿಡಿದಳು. "ಗಂಟಲು ಒಣಗಿಸಿಕೊಂಡು ನನ್ನ ಗೇಟು ದಾಟಬಾರದು" ಎಂದಳು. ಕುಡಿದೆವು. ನಾನು ಅಳೆದಿಟ್ಟಿದ್ದ ನೀರಿನ ಲೆಕ್ಕ ಅಲ್ಲಿಗೆ ಮುಗಿಯಿತು.

ಬೈಲೂರು, ಹಿರಿಯಡ್ಕ ಸುಲಭವಾಗಿ ದಾಟಿದೆವು. ಪರ್ಕಳದಲ್ಲಿ ರಸ್ತೆ ಕೆಲಸ ನಡೆದಿತ್ತು. ಒಬ್ಬ ಕೆಂಪು ಬಾವುಟ ಹಿಡಿದು ನಮ್ಮನ್ನು ನಿಲ್ಲಿಸಿದ. ಹದಿನಾಲ್ಕು ನಿಮಿಷ. ಮುಂದಿನ ಲಾರಿ, ಹಿಂದಿನ ರಿಕ್ಷಾ, ಎಲ್ಲರೂ ಎಂಜಿನ್ ಬಂದ್ ಮಾಡಿ ಕುಳಿತರು. ನಮ್ಮದು ಮಾತ್ರ ಗುರ್ ಎನ್ನುತ್ತಿತ್ತು. ಪಕ್ಕದ ಬೈಕಿನವನಿಗೆ ತಡೆಯಲಾಗಲಿಲ್ಲ.

"ಅಮ್ಮ, ಬಂದ್ ಮಾಡಿ. ಪೆಟ್ರೋಲ್ ಸುಮ್ಮನೆ ಹೋಗ್ತದೆ."

ಸರೋಜಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಬಂದ್ ಮಾಡ್ತೇವೆ ಅಣ್ಣ. ಆಮೇಲೆ ಮಣಿಪಾಲದವರೆಗೆ ನೀವು ದೂಡ್ತೀರಾ?" ಅವನು ಬೈಕನ್ನು ಎರಡಡಿ ಹಿಂದಕ್ಕೆ ತೆಗೆದುಕೊಂಡ.

ಮಣಿಪಾಲದಲ್ಲಿ ಡಯಾಲಿಸಿಸ್ ಕಟ್ಟಡಕ್ಕೆ ತಿರುಗುವ ಜಾಗ ಬಂದಾಗ ಇಬ್ಬರೂ ಆ ಕಡೆ ನೋಡಿದೆವು. ಇಳಿಜಾರಿನಲ್ಲಿ ಇಂದ್ರಾಳಿ ದಾಟಿ ಉಡುಪಿಯ ಸರ್ವಿಸ್ ಸೆಂಟರ್ ಮುಟ್ಟಿದಾಗ ಎರಡು ಗಂಟೆ ಎಂಟು ನಿಮಿಷ. ನಾನು ಎಂಜಿನ್ ಬಂದ್ ಮಾಡಿ ಸಮಯ ಬರೆದುಕೊಂಡು ಶೌಚಾಲಯಕ್ಕೆ ಹೋದೆ. ತಿರುಗಿ ಬರುವಾಗ ಸರೋಜಕ್ಕ ಎರಡೂ ಕೈ ಚಾಚಿ ಕಾರಿನ ಎದುರು ನಿಂತಿದ್ದಳು. ಅವಳ ಎದುರಿಗೆ ನೀರಿನ ಪೈಪ್ ಹಿಡಿದ ಕೆಲಸದವನು.

"ವಾಷಿಂಗ್ ಮಾಡದೆ ಒಳಗೆ ಬಿಡುವುದಿಲ್ಲಮ್ಮ. ಇಲ್ಲಿಯ ಪದ್ಧತಿ."

"ಒಂದು ಹನಿ ಬಿದ್ದರೆ ನೋಡು! ಎಂಬತ್ತು ಕಿಲೋಮೀಟರ್ ಸುತ್ತಿ ಬಿಸಿ ಮಾಡಿಕೊಂಡು ತಂದದ್ದು."

ಪ್ರಶಾಂತ ಬಂದು ಪೈಪ್ ಬಂದ್ ಮಾಡಿಸಿದ. ನನ್ನ ಚಾರ್ಟ್ ನೋಡಿ ಮೆಕ್ಯಾನಿಕ್ ಹಮೀದರನ್ನು ಕರೆದ. ಹಮೀದ್ ನಡುವಯಸ್ಸಿನವರು, ಹೆಚ್ಚು ಮಾತಿಲ್ಲ. ಚಾರ್ಟನ್ನು ಎರಡು ಸಲ ಓದಿದರು. ಕಾರನ್ನು ನೆರಳಿಗೆ ದೂಡಿಸಿ, ಬಾನೆಟ್ ತೆರೆದು, ತಮ್ಮ ಕಂಪ್ಯೂಟರಿನ ತಂತಿ ಚುಚ್ಚಿದರು. ಎರಡೂ ನಲವತ್ತಕ್ಕೆ ನಾನು ಕೀ ತಿರುಗಿಸಿದೆ.

ಮೊದಲ ತಿರುವಿಗೇ ಸ್ಟಾರ್ಟ್ ಆಯಿತು.

ಪ್ರಶಾಂತ ನೆಲ ನೋಡಿದ. ಸರೋಜಕ್ಕ ನನ್ನನ್ನು ನೋಡಿದಳು. ನನ್ನ ಕೈ ಸ್ಟಿಯರಿಂಗಿನ ಮೇಲೆ ಹಾಗೆಯೇ ಇತ್ತು. ಇನ್ನು ಎರಡು ಗಂಟೆ ಐವತ್ತು ನಿಮಿಷ ಕಳೆದರೆ ಈ ಕಾರಿಗೆ ಯಾವ ಕಾಯಿಲೆ ಇದ್ದರೂ ಅದು ನನ್ನದೊಬ್ಬಳದ್ದೇ. ಸುಂದರಣ್ಣನ ಸೋಮವಾರ ಮತ್ತೆ ಬಸ್ಸಿನಲ್ಲೇ.

"ಸಿಸ್ಟರ್, ಸಾಕು ಬಿಡಿ" ಎಂದ ಪ್ರಶಾಂತ, ಮೆಲ್ಲಗೆ.

ಆದರೆ ಹಮೀದ್ ತೆರೆದ ಬಾನೆಟನ್ನೇ ನೋಡುತ್ತಿದ್ದರು. "ತಪ್ಪು ನನ್ನದು" ಎಂದರು. "ಕಟಪಾಡಿಯಲ್ಲಿ ನಿಂತಾಗ ಬಾನೆಟ್ ಮುಚ್ಚಿತ್ತಾ, ತೆರೆದಿತ್ತಾ?"

"ಮುಚ್ಚಿತ್ತು."

"ನೆರಳಾ, ಬಿಸಿಲಾ?"

"ಬಿಸಿಲು."

"ಹಾಗಾದರೆ ನಾನು ರೋಗಿಯ ಕಂಬಳಿ ಎಳೆದು, ಗಾಳಿ ಹಾಕಿ, ಜ್ವರ ಇಲ್ಲ ಅಂತ ಹೇಳಿದ ಹಾಗಾಯಿತು. ಇನ್ನೊಮ್ಮೆ ಕಾಯಿಸುವಾ." ಪ್ರಶಾಂತನ ಕಡೆ ತಿರುಗಿ, "ಟ್ರಯಲ್ ಅಂತ ಬರೆಯಿರಿ. ನಾನು ಹೋಗ್ತೇನೆ" ಎಂದರು.

ಮೂರು ಗಂಟೆಗೆ ಮತ್ತೆ ಹೊರಟೆವು. ಹಮೀದ್ ಪಕ್ಕದಲ್ಲಿ, ಸರೋಜಕ್ಕ ಹಿಂದೆ. ಇಂದ್ರಾಳಿ, ಮಣಿಪಾಲದ ಏರು, ಪರ್ಕಳ. ತಿರುಗಿಸಿ ಅದೇ ದಾರಿ. ಏರಿನಲ್ಲಿ ಹಮೀದ್ "ಎರಡನೇ ಗೇರಿನಲ್ಲೇ ಇಡಿ, ನರಳಲಿ" ಎಂದರು. ಬಾವುಟದವನು ನಮ್ಮನ್ನು ಗುರುತು ಹಿಡಿದು ಈ ಸಲ ಮೊದಲು ಬಿಟ್ಟ. ನಾಲ್ಕಕ್ಕೆ ಐದು ನಿಮಿಷವಿರುವಾಗ ಅಂಗಳದ ನಟ್ಟ ಬಿಸಿಲಿನಲ್ಲಿ, ಬಾನೆಟ್ ಮುಚ್ಚಿಕೊಂಡು, ಎಂಜಿನ್ ಬಂದ್ ಮಾಡಿದೆ.

ಕಾಯುವುದನ್ನು ನನಗೆ ಯಾರೂ ಹೊಸತಾಗಿ ಕಲಿಸಬೇಕಾಗಿಲ್ಲ. ಗಡಿಯಾರ ಕೈಯಲ್ಲಿ ಹಿಡಿದು ಕುಳಿತೆ. ನಾಲ್ಕೂ ಹದಿನೈದಕ್ಕೆ ಚಹಾದ ಗಂಟೆಯಾಯಿತು. ಹಮೀದ್ ಹೋಗಲಿಲ್ಲ. ಚಹಾ ಕುಡಿದು ಬಂದವರು ತಮ್ಮ ಕೆಲಸಕ್ಕೆ ಹೋಗದೆ ನಮ್ಮ ಕಾರಿನ ಸುತ್ತ ನಿಂತರು. ಪೈಪಿನವನೂ ಬಂದ.

ನಾಲ್ಕು ಗಂಟೆ ಇಪ್ಪತ್ತೇಳು ನಿಮಿಷಕ್ಕೆ ಹಮೀದ್ ತಲೆಯಾಡಿಸಿದರು. ಕೀ ತಿರುಗಿಸಿದೆ. ಗಿರಗಿರಗಿರ. ನಿಲ್ಲಿಸಿ ಮತ್ತೆ ತಿರುಗಿಸಿದೆ. ಗಿರಗಿರಗಿರ, ಬೇರೇನೂ ಇಲ್ಲ.

"ಕೀ ಹಿಡಿದೇ ಇರಿ, ಬಿಡಬೇಡಿ!" ಹಮೀದ್ ಕಂಪ್ಯೂಟರಿನ ಪರದೆಯನ್ನು ಪ್ರಶಾಂತನ ಮುಖದ ಹತ್ತಿರ ಹಿಡಿದರು. "ನೋಡಿ. ಎಂಜಿನ್ ಸುತ್ತುತ್ತಾ ಉಂಟು, ಇಲ್ಲಿ ಸೊನ್ನೆ ತೋರಿಸ್ತಾ ಉಂಟು. ಸುತ್ತು ಎಣಿಸುವ ಕ್ರ್ಯಾಂಕ್ ಸೆನ್ಸರ್ ಸತ್ತಿದೆ. ಬಿಸಿಗೆ ಸಾಯುವುದು, ತಣಿದ ಮೇಲೆ ಏಳುವುದು. ಫೋಟೋ ತೆಗೆಯಿರಿ ಬೇಗ!"

ಸರೋಜಕ್ಕ ಚಪ್ಪಾಳೆ ತಟ್ಟಿದಳು. ನಿಂತವರೂ ತಟ್ಟಿದರು. ಆಗ ಒಳಗೆ ಬರುತ್ತಿದ್ದ ಇನ್ನೊಬ್ಬ ಗ್ರಾಹಕ "ಎಂತ, ಹೊಸ ಕಾರಾ?" ಎಂದು ಕೇಳಿದ. "ಅಲ್ಲ, ಸ್ಟಾರ್ಟ್ ಆಗದ ಕಾರು!" ಎಂದ ಪೈಪಿನವನು, ತನ್ನದೇ ಕಾರಿನ ಹಾಗೆ. ನಾನು ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ನಕ್ಕೆ. ಎಷ್ಟು ನಕ್ಕೆನೆಂದರೆ ಕನ್ನಡಕ ತೆಗೆದು ಒರೆಸಬೇಕಾಯಿತು.

ನಾಲ್ಕೂ ಐವತ್ತಕ್ಕೆ ಜಾಬ್ ಕಾರ್ಡ್ ನನ್ನ ಕೈಗೆ ಬಂತು. 'ದೋಷ ಕಂಡುಬಂದಿದೆ' ಎಂದು ಬರೆದಿತ್ತು, ಕೆಳಗೆ ಅಂದಿನ ತಾರೀಖು. "ಪಾರ್ಟ್ ಮಂಗಳೂರಿನಿಂದ ನಾಳೆ ಬೆಳಿಗ್ಗೆ ಬರ್ತದೆ" ಎಂದ ಪ್ರಶಾಂತ. "ತಾರೀಖು ಇವತ್ತಿನದು ಬಿತ್ತಲ್ಲ, ಎಲ್ಲ ವಾರಂಟಿಯಲ್ಲೇ. ನಾಳೆ ಸಂಜೆ ನಾನೇ ಕಾಪುವಿಗೆ ತಂದು ಬಿಡ್ತೇನೆ, ದಾರಿಯಲ್ಲಿ ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿಕೊಂಡೇ." ನಾನು ಚಾರ್ಟನ್ನು ಹಮೀದರಿಗೆ ಕೊಟ್ಟೆ. ಅವರು ಅದನ್ನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಆಗಲೇ ತಣ್ಣಗಾಗಿದ್ದ ತಮ್ಮ ಚಹಾ ಕುಡಿಯಲು ಹೋದರು.

ನಾವು ಸೀಟು ಸಿಗಲೆಂದು ಒಂದು ಸ್ಟಾಪ್ ಹಿಂದಕ್ಕೆ ನಡೆದು ಕಾಪುವಿನ ಬಸ್ಸು ಹತ್ತಿದೆವು. ಕಿಟಕಿಯ ಬದಿಯ ಸೀಟು ಸಿಕ್ಕಿತು. ಬಸ್ಸು ಸರ್ವಿಸ್ ಸೆಂಟರಿನ ಎದುರಿನಿಂದಲೇ ಹಾದುಹೋಯಿತು. ನನ್ನ ಬಿಳಿ ಕಾರನ್ನು ನಾಲ್ಕು ಜನ ಸೇರಿ ಒಳಗಿನ ಶೆಡ್ಡಿಗೆ ದೂಡುತ್ತಿದ್ದರು. ಅದು ಕಾಣದಾಗುವವರೆಗೆ ನೋಡಿದೆ.

ಸರೋಜಕ್ಕ ಮನೆಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. "ನೀವೇ ಹೇಳಿ."

"ಸುಂದರಣ್ಣ, ಸ್ಟಾರ್ಟ್ ಆಗಲಿಲ್ಲ!" ಎಂದೆ.

"ಅಯ್ಯೋ, ಪಾಪ."

"ಪಾಪ ಎಂತದ್ದು? ಅವರೆಲ್ಲರ ಕಣ್ಣೆದುರೇ ಸ್ಟಾರ್ಟ್ ಆಗಲಿಲ್ಲ. ಬರೆದು ಕೊಟ್ಟಿದ್ದಾರೆ. ನಾಳೆ ಸಂಜೆಗೆ ಸರಿಯಾಗಿ ಮನೆಗೆ ಬರ್ತದೆ."

ಆ ಕಡೆಯಿಂದ ನಗು. ಎರಡು ತಿಂಗಳಿಂದ ನಾನು ಕೇಳದ ನಗು. ಬಸ್ಸು ಕಟಪಾಡಿಯಲ್ಲಿ ನಿಂತು ಮತ್ತೆ ಹೊರಟಿತು.

"ಹಾಗಾದರೆ ಸೋಮವಾರ ಎಷ್ಟು ಗಂಟೆಗೆ ಹೊರಡುವುದು?" ಎಂದು ಕೇಳಿದರು.

"ಆರೂಕಾಲಿಗೆ."

"ನಾನು ಆರಕ್ಕೇ ಗೇಟಿನಲ್ಲಿ ಇರ್ತೇನೆ. ಇವತ್ತಿನ ಹಾಗೆ ತಡ ಮಾಡಬೇಡಿ ಸಿಸ್ಟರ್."