ಯುದ್ಧಕ್ಕೆ ಎತ್ತದ ಕೈ

ನನ್ನ ಗಂಡ ಕಾರ್ಕಳದಲ್ಲಿ ಬೀಡಿ ಕಾರ್ಮಿಕರ ಸಂಘದ ಕಾರ್ಯದರ್ಶಿ. ಕೆಂಪು ಬಾವುಟ ಹಿಡಿದು ಎಷ್ಟೋ ಸಲ ಲಾಠಿಯೇಟು ತಿಂದವರು. ನಾನು ಬೆಳ್ಮಣ್ಣಿನ ನಮ್ಮ ಮನೆಯಲ್ಲಿ ಬೀಡಿ ಕಟ್ಟುವವಳು. ಸಂಘದ ಸದಸ್ಯೆಯೂ ಹೌದು. ದೇವರ ವಿಷಯದಲ್ಲಿ ನಮಗಿಬ್ಬರಿಗೂ ಸರಿ ಬರುವುದಿಲ್ಲ, ಉಳಿದಂತೆ ಜಗಳ ಕಡಿಮೆ.

ಕಳೆದ ವರ್ಷ ಗಡಿಯಲ್ಲಿ ಗುಂಡು ಹಾರತೊಡಗಿದಾಗ ಅವರು ಬೇರೆಯೇ ಮನುಷ್ಯರಾದರು.

"ಪೂರ್ತಿ ಯುದ್ಧವೇ ಆಗಬೇಕು. ದೇಶಕ್ಕಾಗಿ ಎದೆ ಕೊಟ್ಟ ಕಾರ್ಮಿಕನನ್ನು ನಾಳೆ ಯಾವ ಧಣಿಯೂ ತುಳಿಯಲಿಕ್ಕಿಲ್ಲ."

"ನನ್ನ ತಮ್ಮ ಅಲ್ಲೇ ಇದ್ದಾನೆ ಮಾರಾಯ್ರೆ," ಎಂದೆ. ಸೈನ್ಯ ಸೇರಿದ ತಮ್ಮನ ಫೋನ್ ಬಾರದೆ ಮೂರು ದಿನವಾಗಿತ್ತು.

"ಅವನಿಗಾಗಿಯೇ ಹೇಳುವುದು ನಾನು."

ಶುಕ್ರವಾರ ಸಂಘದ ಸಭೆ. ಸರಕಾರ ಯುದ್ಧ ಸಾರಬೇಕೆಂಬ ನಿರ್ಣಯವನ್ನು ಅವರೇ ಬರೆದು ತಂದು ಓದಿದರು. ಕೊನೆಗೆ, "ಏಳು ದಿನಗಳೊಳಗೆ ಬೇಡಿಕೆ ಈಡೇರದಿದ್ದಲ್ಲಿ ಅನಿರ್ದಿಷ್ಟಾವಧಿ ಮುಷ್ಕರ ಹೂಡಲಾಗುವುದು!" ಅದು ಬೋನಸ್ ಮನವಿಯ ಕೊನೆಯ ಸಾಲು. ಮೂವತ್ತು ವರ್ಷ ಬರೆದ ಕೈ ತಾನಾಗಿಯೇ ಬರೆದಿತ್ತು.

ಹಿಂದಿನ ಬೆಂಚಿನ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತರು. "ಅಣ್ಣಾ, ಯುದ್ಧ ಮಾಡದಿದ್ದರೆ ನಾವು ಬೀಡಿ ಕಟ್ಟುವುದಿಲ್ಲ ಅಂತವಾ? ದಿಲ್ಲಿಯವರು ಹೆದರಿಯೇ ಸಾಯ್ತಾರೆ ಅಲ್ವಾ!"

ಸಭೆ ಬಿದ್ದು ಬಿದ್ದು ನಕ್ಕಿತು. "ಆಯ್ತು ಮಾರಾಯ್ತಿ, ಆ ಸಾಲು ತೆಗೆಯುವ," ಎಂದು ಅವರು ಕೆಂಪಾದರು. ಒಪ್ಪಿಗೆಯಿದ್ದವರು ಕೈ ಎತ್ತಬೇಕೆಂದರು. ಎಲ್ಲರ ಕೈಗಳೂ ಎದ್ದವು. ನನ್ನದು ಮಡಿಲಲ್ಲೇ ಇತ್ತು. ಎಣಿಸುತ್ತಾ ಬಂದ ಗಂಡ ನನ್ನೆದುರು ಒಂದು ಗಳಿಗೆ ನಿಂತು, "ಒಬ್ಬರ ಒಪ್ಪಿಗೆ ಇಲ್ಲ," ಎಂದು ಬರೆದುಕೊಂಡರು.

ನಿರ್ಣಯವನ್ನು ತಿದ್ದಿ ಟೈಪ್ ಮಾಡಿಸಿ ಸೋಮವಾರ ತಾಲೂಕು ಕಚೇರಿಗೆ ಕೊಡುವುದೆಂದಾಗಿತ್ತು. ನಾನು ಉಚ್ಚಿಲ ದೇವಸ್ಥಾನದ ಅಮ್ಮನಿಗೆ ಹರಕೆ ಹೇಳಿಕೊಂಡೆ. ಶನಿವಾರ ಸಂಜೆ ಎರಡೂ ಕಡೆ ಗುಂಡು ನಿಂತಿತೆಂದು ಟಿವಿಯಲ್ಲಿ ಹೇಳಿದರು. ಭಾನುವಾರ ಬೆಳಿಗ್ಗೆ ತಮ್ಮನ ಫೋನ್ ಬಂತು.

"ಅಕ್ಕಾ, ಎಂತಕ್ಕೆ ಅಳುವುದು? ನಾಲ್ಕು ದಿನ ಸ್ನಾನ ಇಲ್ಲ, ಅದೊಂದೇ ಕಷ್ಟ."

ಗಂಡ ಫೋನಿಗೆ ಕೈ ಚಾಚಿದರು. "ಮಾರಾಯಾ, ಊಟ ಸರಿ ಸಿಗ್ತದಾ? ಅಲ್ಲಿ ಸೆಕೆ ಉಂಟಾ?" ಅಷ್ಟೇ ಕೇಳಿದ್ದು.

ಸೋಮವಾರ ಅವರು ಎಂದಿನಂತೆ ಕಾರ್ಕಳಕ್ಕೆ ಹೋದರು. ಟೈಪ್ ಮಾಡಿಸಿದ ಹಾಳೆ ಮೇಜಿನ ಮೇಲೆಯೇ ಉಳಿದಿತ್ತು. ಮರೆತದ್ದೋ ಬಿಟ್ಟದ್ದೋ, ನಾನು ಕೇಳಲಿಲ್ಲ. ತಮ್ಮ ಕ್ಷೇಮವಾಗಿದ್ದಾನೆ, ಗಂಡ ಮೆತ್ತಗಾಗಿದ್ದಾರೆ. ಒಂದು ವಾರಕ್ಕೆ ಅಷ್ಟು ಧಾರಾಳವಾಯಿತು.