ಅಕ್ಕನ ಆಮೆಗೆ ಮಾಡಿದ ಮಡಕೆಮನೆ

ಬೆಳಿಗ್ಗೆ ಸೊಸೆ ಸಂತೆಯಿಂದ ತಂದ ಹೊಸ ಮಡಕೆಗೆ ನೀರು ಸುರಿದಳು. ಒದ್ದೆ ಮಣ್ಣಿನ ಆ ವಾಸನೆ ಯಾರಿಗೆ ತಾನೆ ಹಿಡಿಸುವುದಿಲ್ಲ? ನನಗೆ ಹಿಡಿಸುವುದಿಲ್ಲ. ಎದ್ದು ಜಗುಲಿಗೆ ಬಂದು ಕೂತೆ. ಮಾವನಿಗೆ ಅರಳುಮರಳು ಅಂದುಕೊಂಡಿರುತ್ತಾಳೆ. ವಯಸ್ಸಾಗಿರುವುದು ನಿಜವೇ, ಆದರೆ ಕಾರಣ ಅದಲ್ಲ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಹೊಳೆನರಸೀಪುರದಲ್ಲಿ ನಾನು ಆಗತಾನೇ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದೆ. ಅಕ್ಕನನ್ನು ಚನ್ನರಾಯಪಟ್ಟಣದ ಕಡೆ ಕೊಟ್ಟಿತ್ತು. ಕೆಮ್ಮಿನಲ್ಲಿ ರಕ್ತ ಕಾಣಿಸಿದ್ದೇ ತಡ, ಗಂಡನ ಮನೆಯವರು ಅವಳನ್ನು ಬಸ್ಸು ಹತ್ತಿಸಿ ಕಳಿಸಿಬಿಟ್ಟರು. ಒಂದು ಟ್ರಂಕು, ಒಂದು ಕೈಚೀಲ. ಚೀಲದೊಳಗೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಆಮೆ. ಅವಳ ಹೊಲದ ಬದುವಿನಲ್ಲಿ ಸಿಕ್ಕಿದ್ದು, ಬೆನ್ನ ತುಂಬ ಹಳದಿ ನಕ್ಷತ್ರಗಳು. ಈಗ ಅಂಥದ್ದನ್ನು ಸಾಕಿದರೆ ಕೇಸು ಹಾಕುತ್ತಾರಂತೆ. ಆಗ ನಮಗಿದ್ದದ್ದು ಅವ್ವನ ಹೆದರಿಕೆ ಒಂದೇ. ಆಮೆ ಹೊಸ್ತಿಲು ದಾಟಿದರೆ ಮನೆ ಹಾಳಾಗುತ್ತದೆಂದು ನಂಬಿದವಳು ಅವಳು.

"ಅವ್ವಂಗೆ ಕಾಣ್ದಂಗೆ ಇದಕ್ಕೊಂದು ಮರೆ ಮಾಡ್ಕೊಡ್ಲಾ," ಎಂದಳು ಅಕ್ಕ ಹಿತ್ತಿಲ ಕೋಣೆಯ ಕಿಟಕಿಯಿಂದ. ಆ ಕೋಣೆ, ಒಂದು ಚಾಪೆ, ಒಂದು ಲೋಟ ಅವಳ ಪಾಲಿಗೆ ಬಂದಿದ್ದವು. "ಬಚ್ಚಿಟ್ಕಳಾಕೆ ಜಾಗ ಇಲ್ದಿದ್ರೆ ಇದು ಮೇವೂ ಮುಟ್ಟಾಕಿಲ್ಲ."

ಮೇಷ್ಟ್ರಿಗೆ ಗೊತ್ತಿಲ್ಲದ್ದುಂಟೇ! ಮೊದಲು ತೆಂಗಿನ ಚಿಪ್ಪು ತಂದೆ. ಆಮೆಯ ಅಳತೆ ತೆಗೆಯಬೇಕೆಂಬುದು ಹೊಳೆದಿರಲಿಲ್ಲ, ತಲೆ ಮಾತ್ರ ಒಳಹೋಯಿತು. ಆಮೇಲೆ ನಾಡಹೆಂಚು ಕವುಚಿದೆ. ಅದು ಈ ಕಡೆ ಹೊಕ್ಕು ಆ ಕಡೆ ಹೊರಟು ಅವ್ವನ ತುಳಸಿಕಟ್ಟೆಯತ್ತ ನಡೆದುಬಿಟ್ಟಿತು. ಅಕ್ಕ ನಕ್ಕು ನಕ್ಕು ಕೆಮ್ಮಿದಳು. ನಾನು ನಗಿಸಬಾರದಿತ್ತು.

ಕೊನೆಗೆ ಕುಂಬಾರ ಬೀದಿಯಲ್ಲಿ ಸುಡುವಾಗ ಬಿರುಕು ಬಿಟ್ಟಿದ್ದ ಒಂದು ಮಡಕೆ ಪುಕ್ಕಟೆ ಸಿಕ್ಕಿತು. ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಮುರುಕು ಗರಗಸದ ಅಲಗಿನಿಂದ ಪಕ್ಕದಲ್ಲಿ ಆಮೆ ನುಗ್ಗುವಷ್ಟು ಬಾಗಿಲು ಕೊಯ್ದೆ. ಅಂಚನ್ನು ಒಗೆಯುವ ಕಲ್ಲಿಗೆ ಉಜ್ಜಿ ನುಣುಪು ಮಾಡಿದೆ. ಒಳಗೆ ರಾಗಿ ಹುಲ್ಲು. "ಬೆನ್ನಿಗೆ ಸೂರು ತಾಗಂಗಿರ್ಬೇಕು ಕಣ್ಲಾ, ಆಗ್ಲೇ ಅದಕ್ಕೆ ಧೈರ್ಯ," ಎಂದು ಅಕ್ಕ ಇನ್ನೂ ಎರಡು ಹಿಡಿ ಹುಲ್ಲು ತುರುಕಿಸಿದಳು. ಹಿತ್ತಿಲ ಸೂರಿನ ಕೆಳಗೆ ಅವ್ವ ಸಾಲಾಗಿ ಜೋಡಿಸಿದ್ದ ಹಳೇ ಮಡಕೆಗಳ ನಡುವೆ, ಕೊಯ್ದ ಬಾಗಿಲು ಗೋಡೆಯ ಕಡೆಗಿರುವಂತೆ ಅದನ್ನಿಟ್ಟು, ಬಾಯಿಗೊಂದು ಮುಚ್ಚಳ ಮುಚ್ಚಿದೆ. ಎದುರಿಗೆ ನಿಂತು ನೋಡಿದರೂ ಯಾವುದು ಆಮೆಯ ಮನೆ ಎಂದು ತಿಳಿಯುತ್ತಿರಲಿಲ್ಲ. ನನಗೆ ಎಷ್ಟು ಜಂಬವಾಗಿತ್ತು ಗೊತ್ತೇ?

ಸಂಜೆ ಶಾಲೆಯಿಂದ ಬಂದು ಮಡಕೆಯನ್ನು ಕಿಟಕಿಯ ಹತ್ತಿರ ಒಯ್ಯುತ್ತಿದ್ದೆ. ಅಕ್ಕ ಸರಳಿನ ಸಂದಿಯಲ್ಲಿ ಕೈಚಾಚಿ ದಂಟಿನ ಸೊಪ್ಪು ಕೊಡುತ್ತಿದ್ದಳು. ಅವಳ ಕೈಯಿಂದ ಏನನ್ನಾದರೂ ತಿನ್ನುತ್ತಿದ್ದದ್ದು ಅದೊಂದೇ. ಆ ವರ್ಷ ಯುಗಾದಿಗೆ ಅವಳಿಗೆ ಏಳಲಾಗಲಿಲ್ಲ. "ನಾನು ಹೋದ್ರೆ ಇದನ್ನ ಕೈಬಿಡ್ಬ್ಯಾಡ ಕಣಪ್ಪ," ಎಂದಳು. ಬಿಡೋದಿಲ್ಲ ಎಂದು ಅವಳ ಅಂಗೈ ಮೇಲೆ ಕೈಯಿಟ್ಟು ಹೇಳಿದೆ. ನಾಲ್ಕನೇ ದಿನಕ್ಕೆ ಹೋಗಿಬಿಟ್ಟಳು.

ನಮ್ಮಲ್ಲಿ ಹನ್ನೊಂದನೇ ದಿನ ಸೂತಕ ಕಳೆಯುವಾಗ ಮನೆಯ ಮಣ್ಣಿನ ಪಾತ್ರೆಗಳನ್ನೆಲ್ಲ ಹೊರಗೆ ಹಾಕುವುದು ಪದ್ಧತಿ. ಅರಕಲಗೂಡಿನಿಂದ ಬಂದಿದ್ದ ಸೋದರಮಾವ ಒಳಗಿದ್ದದ್ದು, ಹಿತ್ತಿಲಲ್ಲಿದ್ದದ್ದು ಎಲ್ಲವನ್ನೂ ಕೈಗಾಡಿಗೆ ತುಂಬಿಸಿದ. ಅವ್ವ ಆಗ ಬಂದ ಹೆಂಗಸರ ಜೊತೆ ಒಳಗಿದ್ದಳು. ಹೇಮಾವತಿಯ ದಡದ ಮೇಲೆ ನಿಂತು ಅವನು ಒಂದೊಂದಾಗಿ ಕೊಟ್ಟ, ನಾನು ಕೆಳಗಿನ ಬಂಡೆಗೆ ಒಂದೊಂದಾಗಿ ಎಸೆದೆ. ನಿದ್ದೆಯಿಲ್ಲದ ಕಣ್ಣು, ಅತ್ತು ಮಂಕಾದ ತಲೆ. ಆ ಹನ್ನೊಂದು ದಿನ ನನಗೆ ಆಮೆಯ ನೆನಪೇ ಬಂದಿರಲಿಲ್ಲ. ಕೊನೆಯ ಮಡಕೆ ಕೈಗೆ ಭಾರವಾಗಿ ಸಿಕ್ಕಿತು. ತಿರುಗಿಸಿ ನೋಡದೆ ಎಸೆದುಬಿಟ್ಟೆ.

ಅದು ಒಡೆದ ಸದ್ದು ಬೇರೆಯಾಗಿತ್ತು. ಮಣ್ಣಿನೊಳಗೆ ಇನ್ನೇನೋ ಒಡೆದ ಸದ್ದು. ಆಗ ನೆನಪಾಯಿತು.

"ಮಾವ, ಒಂಚೂರು ತಾಳು, ಕೆಳಗಿಳಿದು..."

"ಬಿಸಾಕಿದ್ಮ್ಯಾಲೆ ತಿರುಗಿ ನೋಡ್ಬಾರ್ದು ಕಣ್ಲಾ! ನಡಿ, ಮನೆಗೆ ಕೇಡು," ಎಂದು ಮಾವ ರಟ್ಟೆ ಹಿಡಿದ. ನನಗೆ ಇಪ್ಪತ್ನಾಲ್ಕು ವರ್ಷ. ಕೊಸರಿಕೊಳ್ಳಲು ಕಷ್ಟವೇನಿರಲಿಲ್ಲ. ಆದರೆ ಕೆಳಗೆ ಏನು ಕಾಣುತ್ತದೋ ಎಂದು ಹೆದರಿದೆ. ಮಾವನ ಹಿಂದೆ ಮನೆಗೆ ನಡೆದೆ.

ಮಾರನೆಯ ಸಂಜೆ ಅವ್ವ ಸೊಪ್ಪು ಹಿಡಿದು ಸೂರಿನ ಕೆಳಗೆ ನಿಂತಿದ್ದಳು.

"ಅದೆಲ್ಲೋ ಮಗಾ?"

"ಯಾವುದು?"

"ನಂಗೇನು ಕಣ್ಣಿಲ್ವಾ? ಅವಳು ತಂದ ದಿನ್ವೇ ನೋಡಿದ್ದೆ. ಇದ್ದಷ್ಟು ದಿನ ಆಡ್ಕಳ್ಳಿ ಅಂತ ಸುಮ್ಕಿದ್ದೆ. ನೀನು ಮರ್ತಿದ್ದಲ್ಲ, ಅಷ್ಟೂ ದಿನ ನಾನೇ ಸೊಪ್ಪು ಆಕಿವ್ನಿ. ಮೊನ್ನೆ ಸಂಜೆ ನನ್ ಕೈಲೇ ತಿನ್ತು."

ನಾನು ಹೇಳಿದೆ: "ಹೊಳೆಯಾಚೆ ಪೊದೆಗೆ ಬಿಟ್ಟು ಬಂದೆ ಅವ್ವ."

ಅವಳ ಮುಖ ಸಡಿಲವಾಯಿತು. ಸೊಪ್ಪನ್ನು ಅಲ್ಲೇ ಇಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಳ್ಳೇ ಕೆಲ್ಸ ಮಾಡ್ದೆ. ಅದೊಂದಾರ ಬದುಕ್ಕಳ್ಳಿ."

ಅವ್ವ ಅದೇ ನಂಬಿಕೆಯಲ್ಲಿ ಹದಿನೆಂಟು ವರ್ಷ ಬದುಕಿದಳು. ಹೊಳೆಯ ಕಡೆ ಹೋದಾಗೆಲ್ಲ ಆಚೆ ದಡದ ಪೊದೆಗಳನ್ನು ನೋಡುತ್ತ ನಿಲ್ಲುತ್ತಿದ್ದಳು, ನಾನು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಅವಳಿಗೆ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಇವತ್ತು ನಿಮಗೆ ಹೇಳಿದರೆ ಹಗುರಾಗಬಹುದೆಂದುಕೊಂಡಿದ್ದೆ, ಆಗಲಿಲ್ಲ. ಚಿಪ್ಪು ಒಡೆದರೂ ಆಮೆ ಒಡನೆ ಸಾಯುವುದಿಲ್ಲವಂತೆ, ಎಷ್ಟೋ ದಿನ ಜೀವ ಹಿಡಿದಿರುತ್ತದಂತೆ. ಇದನ್ನು ತಿಳಿದವರೊಬ್ಬರು ಹೇಳಿದ್ದು ತೀರ ಈಚೆಗೆ. ಬಂಡೆಯವರೆಗೆ ಇಳಿಯಲು ಹತ್ತು ಹೆಜ್ಜೆ ಸಾಕಿತ್ತು.