ಅಣ್ಣಾರಾಯ ಮಾಸ್ತರರ ಮಳೆ ಪುಸ್ತಕ

ಪಕ್ಕದ ಕೋಣೆಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳು ನಕ್ಕಾಗಲೆಲ್ಲ ಅಣ್ಣಾರಾಯ ಮಾಸ್ತರರ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಮಣ್ಣೂರಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದ ಮನುಷ್ಯ ಅವರು. ಅವರ ತಾಸಿನಲ್ಲಿ ಒಬ್ಬರೂ ನಕ್ಕಿದ್ದಿಲ್ಲ. ಹವಾಮಾನ ಬದಲಾವಣೆಯ ಪಾಠವೆಂದರೆ ಹಸಿರುಮನೆ ಪರಿಣಾಮದ ವ್ಯಾಖ್ಯೆಯನ್ನು ಅವರು ನಿಧಾನವಾಗಿ ಓದಿ ಹೇಳಬೇಕು, ಮಕ್ಕಳು ಬರೆದುಕೊಳ್ಳಬೇಕು, ಮರುದಿನ ಒಪ್ಪಿಸಬೇಕು. ಅದರಲ್ಲಿ ನಗುವುದಕ್ಕೆ ಏನಿದೆ?

ನಗಿಸುತ್ತಿದ್ದವಳು ಮಿನಾಜ. ಆಳಂದದ ಹೆಣ್ಣುಮಗಳು, ಮದುವೆಯಾಗಿ ಮಣ್ಣೂರಿಗೆ ಬಂದವಳು, ಎರಡು ವರ್ಷದ ಹಿಂದೆ ಅತಿಥಿ ಶಿಕ್ಷಕಿಯಾಗಿ ಶಾಲೆಗೆ ಸೇರಿದವಳು. ಕೆಲಸ ಕಾಯಂ ಅಲ್ಲ, ವಯಸ್ಸು ಮೂವತ್ತೂ ಆಗಿರಲಿಲ್ಲ. ಜೂನ್ ತಿಂಗಳಲ್ಲಿ ಅವಳು ಮಕ್ಕಳ ಕೈಗೆ ಉಷ್ಣಮಾಪಕ ಕೊಟ್ಟು ತಗಡಿನ ಕೋಣೆಗೂ ಬೇವಿನ ಗಿಡದ ಬುಡಕ್ಕೂ ಓಡಾಡಿಸಿದಳು. ಭೀಮಾ ನದಿಯ ನೆರೆ ಯಾರ ಮನೆಯ ಗೋಡೆಗೆ ಎಲ್ಲಿಯವರೆಗೆ ಬಂದಿತ್ತೆಂದು ಸೀಮೆಸುಣ್ಣದಲ್ಲಿ ಗೆರೆ ಹಾಕಿಸಿದಳು. "ಭೂಮಿ ಮ್ಯಾಲಿನ ರಜಾಯಿ ದಪ್ಪ ಆಗಾಕತ್ತದ, ಒಳಗ ಮಲಗಿದವರಿಗೆ ಬೆವರು ಬರಾಕತ್ತದ" ಎಂದು ಕನ್ನಡದ ನಡುವೆ ಉರ್ದು ಬೆರೆಸಿ ಹೇಳಿ, ಹುಡುಗನೊಬ್ಬನಿಗೆ ನಿಜವಾಗಿಯೂ ರಜಾಯಿ ಹೊದಿಸಿ ನಿಲ್ಲಿಸಿದಳು. ಅವನು ಬೆವರಿದ, ಮಕ್ಕಳು ನಕ್ಕರು. ರಜೆಯಲ್ಲಿ ಊರಿಗೆ ಬಂದ ಹಳೆಯ ವಿದ್ಯಾರ್ಥಿಗಳು ಕೂಡ "ಮಿನಾಜ ಮೇಡಂ ಭಾಳ ಚೊಲೋ ಕಲಸ್ತಾರಂತ, ಹೌದೇನ್ರಿ ಸರ್?" ಎಂದು ಅಣ್ಣಾರಾಯರನ್ನೇ ಕೇಳತೊಡಗಿದರು. ಅವರು "ಹೂಂ" ಎನ್ನುತ್ತಿದ್ದರು. ಆ ಒಂದು ಅಕ್ಷರ ಗಂಟಲಿಂದ ಹೊರಡುವಷ್ಟರಲ್ಲಿ ಅವರಿಗೆ ಸಾಕುಸಾಕಾಗುತ್ತಿತ್ತು.

ಅವಳ ಹತ್ತಿರ ಇಲ್ಲದ್ದು ಅವರ ಹತ್ತಿರ ಒಂದಿತ್ತು. ಎರಡು ಸಾವಿರದ ನಾಲ್ಕರಲ್ಲಿ ಯಾರೋ ಅಧಿಕಾರಿಗಳು ಬಂದು ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ನೆಟ್ಟು, ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಎಂಟೂವರೆಗೆ ನೀರು ಅಳೆದು ಬರೆದಿಡಿ ಎಂದು ಹೇಳಿ ಹೋಗಿದ್ದರು. ಮೂರು ವರ್ಷದ ನಂತರ ಆ ಲೆಕ್ಕ ಕೇಳುವವರು ಯಾರೂ ಉಳಿಯಲಿಲ್ಲ. ಆದರೂ ಅಣ್ಣಾರಾಯರು ಬಿಡಲಿಲ್ಲ. ಹಟಮಾರಿ ಮನುಷ್ಯ. ಇಪ್ಪತ್ತು ಮಳೆಗಾಲದ ಅಂಕಿಗಳು ಕೆಂಪು ರಟ್ಟಿನ ಒಂದು ದಪ್ಪ ಪುಸ್ತಕದಲ್ಲಿ ಕುಳಿತಿದ್ದವು. ಹವಾಮಾನದ ವಿಷಯದಲ್ಲಿ ಈ ಶಾಲೆಗೆ ಹಿರಿಯರು ಯಾರು ಎಂಬುದು ಎಲ್ಲರಿಗೂ ತಿಳಿಯಲಿ ಎಂದೇ ಅವರು ಒಂದು ದಿನ ಆ ಪುಸ್ತಕವನ್ನು ಮಿನಾಜಳ ಮೇಜಿನ ಮೇಲೆ ಇಟ್ಟರು.

ಅವಳು ಪುಸ್ತಕ ತಿರುವಿ, "ಸರ್, ಇದು ಬಂಗಾರ ಐತ್ರಿ" ಎಂದಳು. ಆ ದಿನ ಅಣ್ಣಾರಾಯರು ಅಫಜಲಪುರದ ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚು ತಿಂದರು.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಮಕ್ಕಳು ಪುಸ್ತಕದ ಅಂಕಿಗಳನ್ನೆಲ್ಲ ತೆಗೆದು, ಜೋರು ಮಳೆಯ ತಾರೀಖುಗಳಿಗೆ ಬಣ್ಣ ತುಂಬಿ, ಗೋಡೆಯಷ್ಟು ದೊಡ್ಡ ನಕ್ಷೆ ಮಾಡಿದರು. ಒಂದೇ ದಿನ ಐವತ್ತು ಮಿಲಿಮೀಟರ್ ದಾಟಿ ಸುರಿದ ಮಳೆ ಮೊದಲ ಹತ್ತು ವರ್ಷದಲ್ಲಿ ಹನ್ನೊಂದು ಸಲ, ನಂತರದ ಹತ್ತು ವರ್ಷದಲ್ಲಿ ಇಪ್ಪತ್ಮೂರು ಸಲ. ಹವಾಮಾನ ಹೇಗೆ ಕೆಡುತ್ತಿದೆ ಎಂಬುದಕ್ಕೆ ನಮ್ಮೂರಿನದೇ ಸಾಕ್ಷಿ ಎಂದು ಮುಖ್ಯ ಗುರುಗಳು ಹಿಗ್ಗಿದರು. ಶನಿವಾರ ಅಫಜಲಪುರದ ವಿಜ್ಞಾನ ಮೇಳಕ್ಕೆ ಇದನ್ನೇ ಒಯ್ಯುವುದೆಂದು ಠರಾವಾಯಿತು. ನಕ್ಷೆಯ ಕೆಳಗೆ ದಪ್ಪ ಅಕ್ಷರದಲ್ಲಿ "ಮಾರ್ಗದರ್ಶನ: ಮಿನಾಜ ಬೇಗಂ". ಅದರ ಕೆಳಗೆ, ಜಾಗ ಉಳಿದಲ್ಲಿ ತುರುಕಿದಂತೆ, "ಮಾಹಿತಿ: ಅಣ್ಣಾರಾಯ ಸರ್". ಇಪ್ಪತ್ತು ವರ್ಷ ಮಳೆಯಲ್ಲಿ ನೆನೆದವನು ನಾನು, ಹೆಸರು ಅವಳದು!

ಆ ಉರಿಯಲ್ಲೇ ಅವರು ನಕ್ಷೆಯ ಹತ್ತಿರ ಹೋಗಿ ಒಂದೊಂದೇ ತಾರೀಖು ಓದಿದರು. ಎಲ್ಲಾದರೂ ಒಂದು ತಪ್ಪು ಸಿಕ್ಕರೆ ಸಾಕಿತ್ತು. ತಪ್ಪು ಸಿಕ್ಕಿತು. ಆದರೆ ಅದು ಅವರದೇ ಆಗಿತ್ತು.

ಮೊದಲ ಹತ್ತು ವರ್ಷ ಅವರ ಸಂಸಾರ ಮಣ್ಣೂರಿನಲ್ಲೇ ಇತ್ತು. ರವಿವಾರವೂ ಅವರು ಲುಂಗಿಯಲ್ಲೇ ಶಾಲೆಗೆ ಬಂದು ನೀರು ಅಳೆಯುತ್ತಿದ್ದರು. ಆಮೇಲೆ ಮಗಳ ಓದಿಗೆಂದು ಅಫಜಲಪುರದಲ್ಲಿ ಮನೆ ಮಾಡಿದರು. ಬರೀ ನೀರು ಅಳೆಯಲು ರವಿವಾರ ಯಾರು ಬಸ್ಸು ಹತ್ತಿ ಬರುತ್ತಾರೆ? ರವಿವಾರದ ಮಳೆಯೂ ಮಾಪಕದಲ್ಲೇ ಕೂತಿರುತ್ತಿತ್ತು. ಸೋಮವಾರ ಎರಡು ದಿನದ ನೀರನ್ನು ಒಟ್ಟಿಗೆ ಅಳೆದು ಬರೆಯುತ್ತಿದ್ದರು. ಪುಸ್ತಕದಲ್ಲಿ ರವಿವಾರದ ಚೌಕ ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲವೆಂದು ಅಲ್ಲೊಂದು ಸೊನ್ನೆ ಸುತ್ತುತ್ತಿದ್ದರು. ಈಗ ನಕ್ಷೆಯ ಆ ಇಪ್ಪತ್ಮೂರು ದಿನಗಳಲ್ಲಿ ಹದಿಮೂರು ಸೋಮವಾರಗಳಿದ್ದವು. ಮಕ್ಕಳು ಅಷ್ಟು ಶ್ರದ್ಧೆಯಿಂದ ಬಣ್ಣ ತುಂಬಿದ್ದು ಹವಾಮಾನದ ಬದಲಾವಣೆಗಲ್ಲ, ಅಣ್ಣಾರಾಯ ಮಾಸ್ತರರು ಮನೆ ಬದಲಾಯಿಸಿದ್ದಕ್ಕೆ.

ಅವರು ಬೆರಳು ಮಡಚಿ ಸೋಮವಾರಗಳನ್ನು ಇನ್ನೊಮ್ಮೆ ಎಣಿಸಿದರು. ಮರುಗಳಿಗೆಗೆ, ಹೇಳಲು ನಾಚಿಕೆಯಾಗುವಂಥ ಒಂದು ತಂಪು ಎದೆಯೊಳಗೆ ಇಳಿಯಿತು. ಮೇಳದ ಪರೀಕ್ಷಕರು ಕಾಲೇಜಿನ ಪ್ರಾಧ್ಯಾಪಕರು, ಅವರಿಗೆ ಇದು ಕಾಣದೆ ಇರುತ್ತದೆಯೇ? ಮಿನಾಜ ನಾಲ್ಕು ಜನರ ಮುಂದೆ ತಬ್ಬಿಬ್ಬಾಗುವುದನ್ನು ಅಣ್ಣಾರಾಯರು ಮನಸ್ಸಿನಲ್ಲೇ ಎರಡು ದಿನ ನೋಡಿ ಸುಖಪಟ್ಟರು. ಮನೆಯಲ್ಲಿ ಹೆಂಡತಿ ರುಕ್ಮಿಣಿಬಾಯಿ, "ಏನ್ರಿ, ಭಾಳ ಖುಷಿ ಕಾಣಾಕತ್ತೀರಿ?" ಎಂದು ಕೇಳಿದಳು. "ಏನಿಲ್ಲ ಬಿಡು" ಎಂದು ಮುಖ ತಿರುಗಿಸಿದರು.

ಗುರುವಾರ ಮಧ್ಯಾಹ್ನ ಒಂಬತ್ತನೆಯ ತರಗತಿಯ ಮಧುಮತಿ ಎಂಬ ಹುಡುಗಿ ಸಿಬ್ಬಂದಿ ಕೋಣೆಗೆ ಬಂದಳು. ಮೇಳದಲ್ಲಿ ನಕ್ಷೆಯ ಮುಂದೆ ನಿಂತು ಮಾತಾಡುವವಳು ಅವಳೇ.

"ಸರ್, ನಾ ಹೇಳೂದು ಒಂದ್ಸಲ ಕೇಳ್ರಿ. ಮೇಡಂ ನಿಮ್ಮ ಮುಂದ ಹೇಳಿ ಬಾ ಅಂದಾರ."

ಕೈ ಕಟ್ಟಿಕೊಂಡು ಶುರು ಮಾಡಿದಳು. ಮೊದಲನೆಯ ಮಾತೇ, "ನಮ್ಮ ಅಣ್ಣಾರಾಯ ಸರ್ ಇಪ್ಪತ್ತು ವರ್ಷದಿಂದ ಒಂದು ದಿನವೂ ಬಿಡದೆ ಮಳೆ ಅಳೆದಿದ್ದಾರೆ." ಮುಂದಿನದು ಅವರ ಕಿವಿಗೆ ಬೀಳಲಿಲ್ಲ. ಪರೀಕ್ಷಕರು ಪ್ರಶ್ನೆ ಕೇಳುವುದು ಮಿನಾಜಳನ್ನಲ್ಲ, ಈ ಎರಡು ಜಡೆಯ ಹುಡುಗಿಯನ್ನು. ಇವಳು ಎಲ್ಲರ ಮುಂದೆ ನಿಂತು ಅಣ್ಣಾರಾಯರ ಸೊನ್ನೆಗಳಿಗೆ ಉತ್ತರ ಹುಡುಕಬೇಕು.

ಅಣ್ಣಾರಾಯರು ಎದ್ದು ಹೋಗಿ, ಕಟ್ಟೆಯ ಮೇಲೆ ಮಕ್ಕಳ ವಹಿ ತಿದ್ದುತ್ತಿದ್ದ ಮಿನಾಜಳಿಗೆ ಎಲ್ಲವನ್ನೂ ಹೇಳಿದರು. ಅವಳು ಕೈಯಲ್ಲಿದ್ದ ಪೆನ್ನಿಗೆ ಟೊಪ್ಪಿಗೆ ಹಾಕಿದಳು.

"ಇದು ನಿಮಗ ಯಾವಾಗ ಗೊತ್ತಾತ್ರಿ ಸರ್?"

"ಮಂಗಳವಾರ."

"ಎರಡು ದಿನ ಯಾಕ ಸುಮ್ಮನಿದ್ರಿ?"

ಹೇಳಲು ಸುಳ್ಳು ಬೇಕಾದಷ್ಟಿದ್ದವು. "ಹೊಟ್ಟಿಕಿಚ್ಚು ಮೇಡಂ" ಎಂದರು ಅಣ್ಣಾರಾಯರು. "ಮಕ್ಕಳು ನಿಮ್ಮ ತಾಸಿನ್ಯಾಗ ನಗ್ತಾವ. ನನಗ ಅದನ್ನ ಕೇಳಾಕ ಆಗಂಗಿಲ್ಲ."

ಮಿನಾಜಳ ಮುಖ ಕೆಂಪಾಯಿತು. ಇರಲಿ ಬಿಡ್ರಿ ಎಂದು ಅವಳು ಹೇಳಲಿಲ್ಲ. "ನನಗ ಹೇಳಿದ್ರ ಸಾಲಂಗಿಲ್ರಿ. ಹಗಲೆಲ್ಲ ಕುಂತು ನಕ್ಷೆ ಬರದವರು ಮಕ್ಕಳು. ಅವರ ಮುಂದ ಹೇಳ್ರಿ" ಎಂದು ಎದ್ದು ನಿಂತಳು.

ಒಂಬತ್ತನೆಯ ತರಗತಿಯಲ್ಲಿ ಅಣ್ಣಾರಾಯರು ನಿಂತುಕೊಂಡೇ ಹೇಳಿದರು. ರವಿವಾರ ಬರಲಿಲ್ಲ, ಸೋಮವಾರ ಎರಡು ದಿನದ್ದು ಕೂಡಿಸಿ ಬರೆದೆ, ಸೊನ್ನೆ ಹಾಕಿದ್ದು ಸುಳ್ಳು. ಹಿಂದಿನ ಬೆಂಚಿನಿಂದ ಯಾರೋ, "ಹಂಗಾದ್ರ ನಮ್ಮೂರ ಮಳಿ ಬದಲಾಗಿಲ್ಲೇನ್ರಿ ಸರ್?" ಎಂದು ಕೇಳಿದರು.

"ಬದಲಾಗಿರಬೇಕಪ್ಪ. ಆದ್ರ ಅದನ್ನ ತೋರಸೂ ಪುಸ್ತಕ ನನ್ನ ಹತ್ರ ಇಲ್ಲ. ಐತಿ ಅನ್ಕೊಂಡಿದ್ದೆ."

ಮಧುಮತಿ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ಬೆರಳಿಟ್ಟು ಒಂದು ಪುಟ ನೋಡಿದಳು, ಇನ್ನೊಂದು ಪುಟ ನೋಡಿದಳು. ಆಮೇಲೆ ಕೈ ಎತ್ತಿದಳು.

"ಸರ್, ನೀರು ಚೆಲ್ಲಿಲ್ಲಲ್ರಿ? ಸೋಮವಾರಕ್ಕ ಕೂಡೇದ ಅಷ್ಟ. ದಿನದ್ದು ಬ್ಯಾಡ. ಮಂಗಳವಾರದಿಂದ ಸೋಮವಾರದ ತನಕ ವಾರದ್ದು ಕೂಡಿಸಿದ್ರ ಅದು ಖರೇನ ಇರತದಲ್ರಿ?"

ಖರೆಯೇ. ಪುಸ್ತಕ ಪೂರ್ತಿ ಹಾಳಾಗಿರಲಿಲ್ಲ. ಮಕ್ಕಳು ಆಗಲೇ ಹಳೆಯ ನಕ್ಷೆಯನ್ನು ಗೋಡೆಯಿಂದ ಇಳಿಸಿ, ಹಾಳೆಯ ಬೆನ್ನಿಗೆ ವಾರದ ಚೌಕಗಳನ್ನು ಗೀಚತೊಡಗಿದ್ದರು. ಒಬ್ಬ ಅಂಕಿ ಕೂಗುತ್ತಿದ್ದ, ಇನ್ನೊಬ್ಬಳು ಕೂಡಿಸುತ್ತಿದ್ದಳು. ಹೊಸ ನಕ್ಷೆ ಏನು ಹೇಳುತ್ತದೋ ಯಾರಿಗೂ ಗೊತ್ತಿರಲಿಲ್ಲ. ಅದಕ್ಕಾಗಿ ಯಾರೂ ಹೆದರಿದಂತೆಯೂ ಕಾಣಲಿಲ್ಲ.

ಅಣ್ಣಾರಾಯರು ಮಿನಾಜಳ ಕಡೆ ನೋಡಿದರು. ಅವಳು ಇವರನ್ನು ನೋಡುತ್ತಿರಲಿಲ್ಲ. ಮಧುಮತಿಯ ಪಕ್ಕದಲ್ಲಿ ಬಗ್ಗಿ, ಅವಳ ಲೆಕ್ಕ ಸರಿಯಿದೆಯೇ ನೋಡುತ್ತಿದ್ದಳು. ಅವರ ಹೊಟ್ಟೆಯ ಉರಿ ಆರಿರಲಿಲ್ಲ, ಇನ್ನೂ ಜೋರಾಗಿತ್ತು. ಆದರೆ ಈಗ ಅದು ನಗುವಿಗಾಗಿ ಅಲ್ಲ, ಹೆಸರಿಗಾಗಿಯೂ ಅಲ್ಲ. ಮಾಸ್ತರರು ತಪ್ಪಿದಾಗ ಎದ್ದು ನಿಂತು ಸರಿಯಾದ ದಾರಿ ಹೇಳುವ ಒಂದು ಮಗುವನ್ನು ಅವಳು ಎರಡು ವರ್ಷದಲ್ಲಿ ತಯಾರು ಮಾಡಿದ್ದಳು. ಅಣ್ಣಾರಾಯರ ಇಪ್ಪತ್ತಾರು ವರ್ಷದಲ್ಲಿ ಅಂಥದ್ದು ಒಂದೂ ಇರಲಿಲ್ಲ.